ಕೆಳಗಡೆ ಬರುವ ಅಕ್ಷರಗಳು

ಹಿಂದಿನ ಬೆಂಚಿನಲ್ಲಿ ಪ್ರಿನ್ಸಿಪಾಲರು ಬಂದು ಕೂತರೆ ಎಂಥ ಉಪನ್ಯಾಸಕಿಗೂ ಪಾಠ ಮರೆತುಹೋಗುತ್ತದೆ. ನಾನಂತೂ ಅತಿಥಿ ಉಪನ್ಯಾಸಕಿ. ಅತಿಥಿ ಎಂದ ಮೇಲೆ, ಹೊರಡಿ ಎನ್ನುವ ಹಕ್ಕು ಮನೆಯವರಿಗೆ ಇದ್ದೇ ಇರುತ್ತದೆ. ದಿನವೂ ಮದ್ದೂರಿನಿಂದ ಮಳವಳ್ಳಿಗೆ ಬಸ್ಸಿನಲ್ಲಿ ಜೋತಾಡಿಕೊಂಡು ಬಂದು ಬಿ.ಎ. ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನನಗೆ ಮುಂದಿನ ವರ್ಷವೂ ಈ ಕೆಲಸ ಇರುತ್ತದೋ ಇಲ್ಲವೋ ಎಂಬುದು ಅವತ್ತಿನ ಒಂದು ಪೀರಿಯಡ್ಡಿನ ಮೇಲೆ ನಿಂತಿತ್ತು. ಅದನ್ನು ಮೈಮೇಲೆ ಎಳೆದುಕೊಂಡವಳೂ ನಾನೇ. "ಆನ್‌ಲೈನ್ ವಿಡಿಯೋ ತೋರಿಸಿದ ಮೇಲೆ ಮಕ್ಕಳಿಗೆ ಇಂಗ್ಲಿಷ್ ಕೇಳುವ ಹುಚ್ಚೇ ಹಿಡಿದಿದೆ ಸರ್" ಎಂದು ಸ್ಟಾಫ್ ರೂಮಿನಲ್ಲಿ ಪ್ರಿನ್ಸಿಪಾಲರೆದುರೇ ಕೊಚ್ಚಿಕೊಂಡಿದ್ದೆ. ಬಾಯಿ ಸುಮ್ಮನಿರಬೇಕಲ್ಲ!

ಸುಳ್ಳೇನೂ ಹೇಳಿರಲಿಲ್ಲ. ನಾನು ಪಾಠ ಓದಿದರೆ ಕಿಟಕಿಯಾಚೆ ನೋಡುತ್ತಿದ್ದವರು ಈಗ ವಿಡಿಯೋ ಅಂದರೆ ಊಟದ ಡಬ್ಬಿ ಮುಚ್ಚಿಟ್ಟು ಓಡಿಬರುತ್ತಾರೆ. ನಮ್ಮ ಅತ್ತೆಯವರಂತೂ "ಟೀವಿ ಆಕ್ಬುಟ್ಟು ಸಂಬ್ಳ ತಕ್ಕತೀಯಲ್ಲ, ಪುಣ್ಯವಂತೆ ಕಣಮ್ಮ" ಅನ್ನುತ್ತಾರೆ. ಪಕ್ಕದ ಕೋಣೆಯ ಅರ್ಥಶಾಸ್ತ್ರದ ಮೇಷ್ಟ್ರು ಗದ್ದಲವೆಂದು ಗೊಣಗುತ್ತಾರೆ ಅಂತ ದಿನಾ ಶಬ್ದ ತೀರಾ ತಗ್ಗಿಸಿಡುತ್ತಿದ್ದೆ, ಅಷ್ಟೆ.

ಅವತ್ತು ಅಜ್ಜಿಯೊಬ್ಬಳು ಮೊಮ್ಮಗನಿಗೆ ಅಡುಗೆ ಕಲಿಸುವ ಇಂಗ್ಲಿಷ್ ವಿಡಿಯೋ ಹಾಕಿದೆ. ಅಜ್ಜಿಯ ಬಾಯಿ ಆಡಿತು, ಶಬ್ದ ಬರಲಿಲ್ಲ. ಸ್ಪೀಕರಿನ ವೈರು ಅಲ್ಲಾಡಿಸಿದೆ, ತಟ್ಟಿದೆ, ಮನೆದೇವರಿಗೆ ಹರಕೆಯನ್ನೂ ಹೊತ್ತೆ. ಕೆಲಸ ಹೋಯಿತು ಅಂದುಕೊಳ್ಳುವಷ್ಟರಲ್ಲಿ ತರಗತಿ ಗೊಳ್ಳೆಂದು ನಕ್ಕಿತು. ನನ್ನನ್ನು ನೋಡಿ ಅಲ್ಲ, ಅಜ್ಜಿಯ ತಮಾಷೆಗೆ. ಗಾಬರಿಯಲ್ಲೇ ಪ್ರಶ್ನೆ ಕೇಳಿದೆ. ಎಲ್ಲರೂ ಇಂಗ್ಲಿಷಿನಲ್ಲೇ ಪಟಪಟನೆ ಉತ್ತರ ಕೊಟ್ಟರು.

ಪ್ರಿನ್ಸಿಪಾಲರು ಶಿವನಸಮುದ್ರದ ಕಡೆಯಿಂದ ಬರುವ ಸವಿತಾಳನ್ನು ಎಬ್ಬಿಸಿ ನಿಲ್ಲಿಸಿದರು. "ಸೌಂಡೇ ಇಲ್ವಲ್ಲಮ್ಮ, ಹೆಂಗೆ ಗೊತ್ತಾಯ್ತು?"

"ಸೌಂಡ್ ಯಾಕೆ ಸಾ? ಮಾತೆಲ್ಲ ಕೆಳಗ್ಡೆ ಬರ್ದು ತೋರುಸ್ತರಲ್ಲ. ನಾವು ಯಾವಾಗ್ಲೂ ಅದ್ನೇ ಓದ್ಕೊಳದು."

ಇಡೀ ವರ್ಷ ನಾನು ನಡೆಸಿದ ಕೇಳುವ ತರಗತಿಯಲ್ಲಿ ಯಾರೂ ಏನನ್ನೂ ಕೇಳಿಸಿಕೊಂಡಿರಲಿಲ್ಲ. ಪ್ರಿನ್ಸಿಪಾಲರು ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಸರಸರನೆ ಏನೋ ಹೇಳಿ ಹೊರಟುಹೋದರು. ಮುಖದಲ್ಲಿ ನಗುವೂ ಇತ್ತು, ಹುಬ್ಬೂ ಗಂಟಿಕ್ಕಿತ್ತು. ಎದೆ ಹೊಡೆದುಕೊಳ್ಳುವ ಸದ್ದಿನಲ್ಲಿ ನನಗೆ 'ನೆಕ್ಸ್ಟ್ ಇಯರ್' ಎಂಬುದೊಂದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿ ಅನ್ನುವ ಧೈರ್ಯ ಇಂಗ್ಲಿಷ್ ಮೇಡಮ್ಮಿಗೆಲ್ಲಿ ಬರಬೇಕು? 'ಥ್ಯಾಂಕ್ಯೂ ಸರ್' ಎಂದುಬಿಟ್ಟೆ.

"ಮುಂದ್ಲೊರ್ಸನೂ ನೀವೇ ಬತ್ತೀರಾ ಮಿಸ್? ಸಾರು ಏನಂದ್ರು?" ಸವಿತಾ ಕೇಳಿದಳು.

"ಗೊತ್ತಾಗ್ಲಿಲ್ಲ ಕಣಮ್ಮ" ಎಂದೆ. "ಕೆಳಗಡೆ ಬರೆದು ತೋರಿಸ್ಲಿಲ್ವಲ್ಲ."