ಮಾವಶಿಯ ಮೂರನೇ ಗಂಟೆ

ಮನುಷ್ಯ ಗುಹೆಯಿಂದ ಹೊರಗೆ ಬಂದಾಗಲೇ ನಾಗರಿಕತೆ ಆರಂಭವಾಯಿತೆಂದು ಬಲ್ಲವರು ಹೇಳುತ್ತಾರೆ. ಸಾಂಗಲಿಯಲ್ಲಿ ನಮ್ಮ ಜೊತೆ ಒಂದೇ ಮನೆಯಲ್ಲಿದ್ದ ಮಾವಶಿ, ಅಂದರೆ ಅವ್ವನ ತಂಗಿ, ಆ ನಾಗರಿಕತೆಯನ್ನು ದಿನಕ್ಕೆ ನಾಲ್ಕೈದು ಸಲ ಬಾಗಿಲಲ್ಲಿ ನಿಲ್ಲಿಸಿ ಕಾಯಿಸುತ್ತಿದ್ದಳು. ಮೂರನೇ ಗಂಟೆ ಕೇಳದೆ ಆಕೆ ಕೋಣೆಯಿಂದ ಹೊರಬಂದವಳಲ್ಲ.

ಮಾವಶಿ ಸಂಗೀತ ನಾಟಕದ ನಟಿ. ಸಾಂಗಲಿ, ಮಿರಜಗಳಲ್ಲಿ ಇಪ್ಪತ್ತೆಂಟು ವರ್ಷ ಗಂಡನನ್ನು ಹಾಡಿನಲ್ಲೇ ಬೈಯುವ ಹೆಂಡತಿಯಾಗಿ, ಒಂದೇ ಬೈಗುಳವನ್ನು ‘ವನ್ಸ್ ಮೋರ್’ ಕೂಗಿಸಿಕೊಂಡು ಮೂರು ಮೂರು ಸಲ ಹಾಡಿದವಳು. ಆಕೆಯ ನಿಜವಾದ ಗಂಡ, ನಮ್ಮ ಕಾಕಾ, ಅದೇ ಕಂಪನಿಯಲ್ಲಿ ಪರದೆಯ ಪಕ್ಕ ನಿಂತು ಗಂಟೆ ಬಾರಿಸುತ್ತಿದ್ದರು. ಮೊದಲನೆಯದಕ್ಕೆ ಬಣ್ಣ, ಎರಡನೆಯದಕ್ಕೆ ಸೆರಗು, ಮೂರನೆಯದಕ್ಕೆ ಪರದೆ. ಅವರಿಗೆ ಬರುತ್ತಿದ್ದ ವಿದ್ಯೆ ಅದೊಂದೇ.

ಆಮೇಲೆ ಮನೆಮನೆಗೆ ಕೇಬಲ್ ಬಂತು. ಥಿಯೇಟರು ಹೋಗಿ ಸೀರೆ ಅಂಗಡಿಗಳ ಕಾಂಪ್ಲೆಕ್ಸ್ ಆಯಿತು. ಕಾಕಾ ಕಂಪನಿಯ ಗಂಟೆಯನ್ನು ಧೋತರದಲ್ಲಿ ಸುತ್ತಿಕೊಂಡು ಬಂದು ಮೂಲೆಯಲ್ಲಿ ಕೂತರು. ಮಾತಿಲ್ಲ, ಊಟಕ್ಕೂ ಏಳಲೊಲ್ಲರು. ಇಂಥ ಹೊತ್ತಿನಲ್ಲಿ ಮಾವಶಿಯ ದಿಮಾಕು ನೋಡಬೇಕು! ಒಂದು ಬೆಳಿಗ್ಗೆ ಕೋಣೆಯೊಳಗಿಂದಲೇ, “ಗಂಟಿ ಆಗಿಲ್ಲ, ನಾ ಹೆಂಗ ಬರ್ಲಿ?” ಎಂದಳು. ಮಧ್ಯಾಹ್ನದವರೆಗೆ ಮನೆಯಲ್ಲಿ ಯಾರಿಗೂ ಚಹಾ ಇಲ್ಲ. ಕೊನೆಗೆ ಕಾಕಾ ಗೊಣಗುತ್ತ ಎದ್ದು ಬಾರಿಸಿದರು.

ಅಂದಿನಿಂದ ಅದೇ ಪದ್ಧತಿ. ಗ್ಯಾಸ್ ಸಿಲಿಂಡರಿನವನಿಗೂ ಮೂರು ಗಂಟೆ. ನನ್ನ ತಂಗಿಯನ್ನು ನೋಡಲು ಮಾಲಗಾಂವದಿಂದ ಬಂದ ಬೀಗರಂತೂ ಒಳಗೆ ಮಂಗಳಾರತಿಯೆಂದು ತಿಳಿದು ಎರಡು ಸಲ ಎದ್ದು ಕೈಮುಗಿದರು. ಮೂರನೆಯದಕ್ಕೆ ಮಾವಶಿಯೇ ಪ್ರತ್ಯಕ್ಷಳಾದಳು.

ಕೃಷ್ಣೆಯ ನೀರು ಓಣಿಗೆ ನುಗ್ಗಿದ ವರ್ಷ ದೋಣಿ ಬಾಗಿಲಿಗೇ ಬಂತು. ನಾವೆಲ್ಲ ಹತ್ತಿ ಕೂತರೂ ಮಾವಶಿ ಮಾಳಿಗೆಯ ಕೋಣೆಯಲ್ಲೇ ಇದ್ದಳು. ಕಾಕಾ ಮೊಣಕಾಲುದ್ದ ನೀರಿನಲ್ಲಿ ನಿಂತು ಒಂದು ಬಾರಿಸಿದರು, ಎರಡು ಬಾರಿಸಿದರು.

“ಕಾಕಾ, ನೀರ ಏರಾಕತ್ತೈತ್ರಿ. ಮಾವಶಿಗೆ ಕಿವಿ ಕೇಳ್ಸೂದಿಲ್ಲೇನ್ರಿ?” ಎಂದ ದೋಣಿಯವ.

“ಕೇಳ್ಸತೈತೊ. ಎರಡನೇದು ಈಗ ಆಗೇತಿ, ಸೆರಗು ಹೊದಿಯಾಕತ್ತಾಳ,” ಎಂದರು ಕಾಕಾ, ಅನುಭವಸ್ಥರ ಗಾಂಭೀರ್ಯದಿಂದ.

ಮೂರನೆಯದಕ್ಕೆ ಮಾವಶಿ ಮುಖಕ್ಕೆ ಪೌಡರು ಹಚ್ಚಿಕೊಂಡು ಮೆಟ್ಟಿಲಿಳಿದಳು. ಎದುರು ಮಾಳಿಗೆಯ ಮೇಲೆ ಸಿಕ್ಕಿಬಿದ್ದಿದ್ದವರು ‘ವನ್ಸ್ ಮೋರ್’ ಎಂದರು.

ದೋಣಿಯಲ್ಲಿ ನಾನು ರೇಗಿದೆ: “ಮಾವಶಿ, ಜೀವಕ್ಕಿಂತ ಗಂಟಿ ದೊಡ್ಡದೇನ?”

ಆಕೆ ದೋಣಿಯ ಮುಂತುದಿಯಲ್ಲಿ ಗಂಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುತ್ತಿದ್ದ ಕಾಕಾನತ್ತ ನೋಡಿದಳು. ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

“ನಾನಾಗೇ ಎದ್ದು ಬಂದ್ರ ಅವ್ರಿಗೆ ಕೆಲಸ ಏನ್ ಉಳೀತೈತಿ?”

ಮರುವರ್ಷ ಕಾಕಾ ತೀರಿಕೊಂಡರು. ಗಂಟೆ ಬಾಗಿಲ ಬಳಿ ಹಾಗೆಯೇ ಇದೆ. ಈಗ ಮಾವಶಿ ಯಾರು ಕರೆದರೂ ಒಂದೇ ಕರೆಗೆ ಹೊರಗೆ ಬರುತ್ತಾಳೆ.