ಪಿನ್‌ಬಾಲ್ ಪೆಟ್ಟಿಗೆಯೊಳಗೆ ನಾನೂ ನನ್ನ ತೋಳೂ

ಈ ಭೂಮಿಯ ಮೇಲೆ ಯಾವುದನ್ನು ಯಾವುದಕ್ಕೆ ಬೇಕಾದರೂ ಅಂಟಿಸಬಲ್ಲ ಗಂಡಸು ಒಬ್ಬನಿದ್ದರೆ ಅದು ನಾನೇ ಎಂದು ಕಳೆದ ಶುಕ್ರವಾರದ ಬೆಳಗಿನವರೆಗೂ ನಂಬಿದ್ದೆ. ನಂಬಿ ಸುಮ್ಮನಿದ್ದರೆ ಬಚಾವಾಗುತ್ತಿದ್ದೆ. ಹೆಂಡತಿಯ ಎದುರು ಘೋಷಣೆ ಮಾಡಿಬಿಟ್ಟೆ!

"ಉಷಾ, ನೀನು ಕೈ ಹಾಕ್ಬೇಡ. ಇಷ್ಟು ವರ್ಷದಿಂದ ಕಾಫಿ ಎಲೆಗೆ ಬೋರ್ಡೋ ಔಷಧಿ ಅಂಟಿಸ್ತಿರೋನು ನಾನು. ಜೂನ್ ಮಳೆಗೇ ಜಗ್ಗಲ್ಲ ಅದು. ಎರಡು ಸ್ಟಿಕ್ಕರ್ ನನಗ್ಯಾವ ಲೆಕ್ಕ?"

ನನ್ನ ಧರ್ಮಪತ್ನಿ ಉಷಾರಾಣಿ ಬ್ಯಾಗಿಗೆ ಕೊಡೆ ತುರುಕುತ್ತಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅದಕ್ಕೇ ಹೇಳ್ತಿರೋದು, ಮುಟ್ಬೇಡಿ. ಸಂಜೆ ಬಂದು ನಾನೇ ಅಂಟಿಸ್ತೀನಿ" ಎಂದವಳೇ ಭಾನುವಾರದ ಅಡುಗೆಗೆ ಸಾಮಾನು ತರಲು ಕೊಡ್ಲಿಪೇಟೆಗೆ ಹೊರಟಳು. 'ಮುಟ್ಬೇಡಿ' ಎಂದರೆ ಗಂಡನ ಕಿವಿಗೆ ಅದು ಸವಾಲಿನಂತೆಯೇ ಕೇಳುತ್ತದೆ. ಅವಳು ಗೇಟು ದಾಟುವುದನ್ನೇ ಕಾಯುತ್ತಿದ್ದೆ.

ವಿಷಯ ಏನೆಂದು ಹೇಳಿಬಿಡುತ್ತೇನೆ. ನಮ್ಮ ಮನೆಯ ಹೊರಕೋಣೆಯಲ್ಲಿ ಒಂದು ಪಿನ್‌ಬಾಲ್ ಮೆಷಿನ್ ಇದೆ. ನಾಲ್ಕು ಕಾಲಿನ ಉದ್ದನೆಯ ಮರದ ಪೆಟ್ಟಿಗೆ, ಮೇಲೆ ಗಾಜು, ಒಳಗೊಂದು ಇಳಿಜಾರಾದ ಹಲಗೆ. ಉಕ್ಕಿನ ಗುಂಡು ಅಲ್ಲಿ ಇಲ್ಲಿ ಬಡಿದು ಗಂಟೆ ಬಾರಿಸುತ್ತಾ ಕೆಳಗೆ ಉರುಳಿ ಬರುತ್ತದೆ. ಅದು ಗುಂಡಿಗೆ ಬೀಳುವ ಮೊದಲು ಎರಡು ಪುಟ್ಟ ರೆಕ್ಕೆಗಳಿಂದ ಮತ್ತೆ ಮೇಲಕ್ಕೆ ಹೊಡೆಯಬೇಕು. ಇದು ಮೊದಲು ವಿರಾಜಪೇಟೆಯಲ್ಲಿ ಉಷಾಳ ಸೋದರಮಾವ ನಾಗರಾಜು ಅವರ ಅಂಗಡಿಯಲ್ಲಿತ್ತು. ರಜೆಗೆ ಹೋದಾಗೆಲ್ಲ ಇವಳು ಸ್ಟೂಲಿನ ಮೇಲೆ ನಿಂತು ಆಡುತ್ತಿದ್ದಳಂತೆ. ಕೇರಳದ ಬಸ್ಸಿಗೆ ಕಾಯುತ್ತಿದ್ದ ಗಂಡಸರು ಇವಳ ಕೈಯಲ್ಲಿ ಸೋತು, ಸೇಡು ತೀರಿಸಿಕೊಳ್ಳಲು ಮತ್ತೆ ಆಡಿ, ಬಸ್ಸನ್ನೂ ಕಳೆದುಕೊಳ್ಳುತ್ತಿದ್ದರಂತೆ. ಮಾವ ಅಂಗಡಿ ಮುಚ್ಚಿದಾಗ ಮೆಷಿನ್ನನ್ನು ಇವಳಿಗೇ ಕೊಟ್ಟರು.

ಕೆಟ್ಟು ನಿಂತಿದ್ದ ಅದರ ರಿಪೇರಿಯೆಲ್ಲ ಮುಗಿದ ಮೇಲೆ ಉಳಿದದ್ದು ಪೆಟ್ಟಿಗೆಯ ಒಳಗೋಡೆಗಳು. ಗಾಜಿನಲ್ಲಿ ಇಣುಕಿದರೆ ಹಲಗೆಯ ಎಡಕ್ಕೂ ಬಲಕ್ಕೂ ಬೋಳು ಪ್ಲೈವುಡ್. ಉಷಾ ಆ ಗೋಡೆಗಳ ಆಕಾರಕ್ಕೇ ಕತ್ತರಿಸಿದ ಎರಡು ಸ್ಟಿಕ್ಕರ್ ಹಾಳೆ ತರಿಸಿ, ಇಡೀ ಮಳೆಗಾಲ ಕೂತು ಕೈಯಲ್ಲೇ ಚಿತ್ರ ಬರೆದಿದ್ದಳು. ಎಡಗಡೆಯ ಹಾಳೆಯಲ್ಲಿ ವಿರಾಜಪೇಟೆಯ ಬೀದಿ, ಗಡಿಯಾರದ ಗೋಪುರ, ಕೇರಳದ ಬಸ್ಸು, ಮಾವನ ಅಂಗಡಿ, ಬಾಗಿಲಲ್ಲಿ ಸ್ವತಃ ಮಾವ. ಬಲಗಡೆಯದರಲ್ಲಿ ಹೂಬಿಟ್ಟ ನಮ್ಮ ತೋಟ, ಬೇಲಿ ಮುರಿದು ನುಗ್ಗುತ್ತಿರುವ ಆನೆಗಳು. ಅಚ್ಚು ಹಾಕಿಸಿದ್ದಲ್ಲವಾದ್ದರಿಂದ ಇನ್ನೊಂದು ಪ್ರತಿ ಇರಲಿಲ್ಲ. ಭಾನುವಾರ ಮಾವ ಬಂದು ಮೊದಲ ಗುಂಡು ಹೊಡೆಯುವುದೆಂದು ನಿಶ್ಚಯವಾಗಿತ್ತು. ಮುಚ್ಚಿಹೋದ ಅಂಗಡಿಯನ್ನು ಕಂಡಾಗ ಅವರ ಮುಖ ಹೇಗಾಗುತ್ತದೆ ಎಂದು ನೋಡಲು ಇವಳು ತಿಂಗಳುಗಟ್ಟಲೆ ಕಾದಿದ್ದಳು.

ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಯಾವುದೋ ದೇಶದ ಗಡ್ಡದವನೊಬ್ಬ ಪೆಟ್ಟಿಗೆಯ ಗೋಡೆಗೆ ಸೋಪಿನ ನೀರು ಸಿಂಪಡಿಸುತ್ತಿದ್ದ. ಆಗ ಹಾಳೆ ಜಾರುತ್ತದಂತೆ, ಬೇಕಾದ ಹಾಗೆ ಸರಿಸಿ ಕೂರಿಸಬಹುದಂತೆ. ನನಗೆ ನಗು ತಡೆಯಲಾಗಲಿಲ್ಲ. ಅಂಟಿಸುವ ಜಾಗಕ್ಕೆ ಸೋಪು ಹಚ್ಚುವ ಬುದ್ಧಿವಂತರನ್ನು ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ. ನಾವು ಮಳೆಗಾಲಕ್ಕೆ ಮುಂಚೆ ಕಾಫಿಗೆ ಕೊಳೆರೋಗ ತಡೆಯುವ ನೀಲಿ ಬೋರ್ಡೋ ಹೊಡೆಯುವಾಗ, ಮಳೆಗೆ ತೊಳೆದುಹೋಗದಿರಲೆಂದು ಅದಕ್ಕೊಂದು ಅಂಟು ಬೆರೆಸುತ್ತೇವೆ. ಉಗ್ರಾಣದಲ್ಲಿ ಅದರ ಅರ್ಧ ಕ್ಯಾನು ಉಳಿದಿತ್ತು. ಡ್ರಮ್ಮು ನೀರಿಗೆ ಒಂದೆರಡು ಮುಚ್ಚಳ ಹಾಕುವುದು ಪದ್ಧತಿ. ಹೆಂಡತಿಯ ಕೆಲಸಕ್ಕೆ ಜಿಪುಣತನ ಮಾಡಬಾರದೆಂದು ಕ್ಯಾನನ್ನು ಪೂರ್ತಿ ಸ್ಪ್ರೇಯರಿಗೆ ಬೋರಲು ಹಾಕಿದೆ!

ಬೆನ್ನಿಗೆ ಕಟ್ಟುವ ಆ ಸ್ಪ್ರೇಯರನ್ನು ಪಕ್ಕದ ತೋಟದ ಚನ್ನಮಲ್ಲಪ್ಪ ಎರವಲು ಒಯ್ದು ಹಿಂದಿನ ದಿನವಷ್ಟೇ ತಂದಿಟ್ಟಿದ್ದ. ತೊಳೆದಿದ್ದೇನೆಂದು ಆಣೆ ಮಾಡಿ ಹೇಳಿದ್ದ. ಹ್ಯಾಂಡಲ್ ಒತ್ತಿದ್ದೇ ತಡ, ಕೊಳವೆಯಲ್ಲಿ ಉಳಿದಿದ್ದ ಬೋರ್ಡೋ ಎಲ್ಲ ನೀಲಿಯಾಗಿ ನನ್ನ ಮುಖಕ್ಕೇ ಬಂತು. ಒರೆಸಿಕೊಂಡೆ. ವೀರರು ಇಂಥದ್ದಕ್ಕೆಲ್ಲ ಹಿಂಜರಿಯುವುದಿಲ್ಲ.

ಗಾಜು ತೆಗೆದು, ಪ್ಲಗ್ಗು ಕಿತ್ತು, ಆಡುವ ಹಲಗೆಯನ್ನು ಎತ್ತಿ ಹಿಂದಕ್ಕೆ ಒರಗಿಸಿದೆ. ವಿಡಿಯೋದವನು ನಿಂತು, ಬಗ್ಗಿ ಕೆಲಸ ಮಾಡುತ್ತಿದ್ದ. ಹಳೇ ಜೀಪಿನ ಅಡಿಯಲ್ಲಿ ಅರ್ಧ ಆಯುಷ್ಯ ಕಳೆದ ನನಗೆ ಮಲಗದೆ ರಿಪೇರಿ ಮಾಡಿ ಗೊತ್ತಿಲ್ಲ. ಒಳಗಿನ ವೈರುಗಳ ಮೇಲೆ ಕಾಫಿ ಒಣಗಿಸುವ ಟಾರ್ಪಾಲಿನ ತುಂಡು ಹಾಸಿ, ಎರಡೂ ಗೋಡೆಗೆ ಧಾರಾಳವಾಗಿ ಅಂಟು ಸಿಂಪಡಿಸಿ, ಕಾಲು ಹೊರಗೆ ತಲೆ ಒಳಗೆ ಮಾಡಿಕೊಂಡು ಪೆಟ್ಟಿಗೆಯಲ್ಲಿ ಅಂಗಾತ ಮಲಗಿದೆ. ಹಾಳೆಗಳ ಹಿಂದಿನ ಕಾಗದವನ್ನು ಮೊದಲೇ ಸುಲಿದು ಬಿಸಾಡಿದ್ದೆ. ಅದರ ಮೇಲೆ ಉಷಾ ಬಾಣದ ಗುರುತು ಹಾಕಿ 'ಎಡ', 'ಬಲ', 'ಮೇಲೆ' ಎಂದೆಲ್ಲ ಬರೆದಿದ್ದಳು. ಅಷ್ಟೂ ಗೊತ್ತಿಲ್ಲದವನೇ ನಾನು?

ಮಲಗಿದ ಮೇಲೆ ತಿಳಿಯಿತು, ಗೊತ್ತಿರಲಿಲ್ಲ. ವಿರಾಜಪೇಟೆ ಎಡಗಡೆ ಎಂದು ನೆನಪಿತ್ತು, ಎಡಗೈ ಕಡೆಗೆ ಹಿಡಿದೆ. ಆದರೆ ಮಲಗಿದವನಿಗೆ ಮೇಲೆ ಎಂದರೆ ಯಾವುದು? ತಲೆಯ ಕಡೆಯೋ, ಮೂಗಿನ ಕಡೆಯೋ? ಕತ್ತಲಲ್ಲಿ ಬಸ್ಸು ಮೂಗಿಗೆ ತಾಗುವಷ್ಟು ಹತ್ತಿರವಿತ್ತು, ಅಡ್ಡಡ್ಡ ಕಾಣುತ್ತಿತ್ತು. ಹಾಳೆಗೆ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಗೋಡೆಯೂ ಹಾಗೆಯೇ, ಹಿಂದೆ ಎತ್ತರ, ಮುಂದೆ ತಗ್ಗು. ನಾನು ಹಿಡಿದಾಗ ಅಗಲದ ತುದಿ ತಗ್ಗಿನ ಕಡೆಗೆ ಬಂತು. ಉಷಾ ಅಳತೆ ತಪ್ಪಿದ್ದಾಳೆ ಎಂದು ಮರುಗಿ, ಹಾಳೆಯನ್ನು ತಿರುವಿ ಹಿಡಿದೆ. ಹೆಚ್ಚುಕಡಿಮೆ ಕೂತಿತು! ಕೂತ ಮೇಲೆ ಸರಿಯೇ ಇರಬೇಕಲ್ಲ? ಆನೆಗಳ ಹಾಳೆಯೂ ಅದೇ ತಕರಾರು ಮಾಡಿತು, ಅದಕ್ಕೂ ಅದೇ ಮದ್ದು.

ಗಡ್ಡದವನ ಹಾಳೆ ಜಾರುತ್ತಿತ್ತು. ನನ್ನದು ಮುಟ್ಟಿದಲ್ಲೇ ಹಿಡಿದುಕೊಂಡಿತು, ಕಾಲಿಗೆ ಜಿಗಣೆ ಹಿಡಿದ ಹಾಗೆ. ಆನೆಗಳ ನಡುವೆ ಒಂದು ಗುಳ್ಳೆ ಮಾತ್ರ ಎದ್ದು ನಿಂತಿತ್ತು. ಗುಳ್ಳೆ ಉಳಿಯಬಾರದೆಂದು ವಿಡಿಯೋದಲ್ಲಿ ಹೇಳಿದ್ದರು. ಅಮ್ಮನ ಮುದ್ದೆ ಕೋಲನ್ನು ಎಡಗೈಯಲ್ಲಿ ಹಿಡಿದು ಅದನ್ನು ಉಜ್ಜಿದೆ, ತೀಡಿದೆ, ಒತ್ತಿದೆ. ಹಟಮಾರಿ ಗುಳ್ಳೆ! ಕೊನೆಗೂ ಚಪ್ಪಟೆಯಾಯಿತು. ವಿಜಯೋತ್ಸಾಹದಿಂದ ಬಲಗೈ ಎತ್ತಲು ಹೋದೆ. ಬರಲಿಲ್ಲ. ನಾನು ಅಷ್ಟು ಹೊತ್ತು ತೀಡಿದ್ದು ನನ್ನದೇ ತುಂಬುತೋಳಿನ ಅಂಗಿಯ ತೋಳನ್ನು. ಯುಗಾದಿಗೆ ಉಷಾ ಕೊಡಿಸಿದ ಚೆಕ್ಸ್ ಅಂಗಿ ಅರ್ಧ ಆನೆಯ ಹಿಂದೆ, ಅರ್ಧ ನನ್ನ ಮೈಮೇಲೆ.

ಅಂಗಿ ಕಳಚೋಣವೆಂದರೆ ಏಳಬೇಕು. ಎದ್ದರೆ ಹಲಗೆ ತಲೆಗೆ ಬಡಿಯುತ್ತಿತ್ತು. ಹೀಗೆ ಒದ್ದಾಡುತ್ತಿರುವಾಗ ಅಮ್ಮ ಬಂದಳು. ನನ್ನ ಅಮ್ಮ ರಂಗಮ್ಮನಿಗೆ ಯಾವುದೂ ಆಶ್ಚರ್ಯವಲ್ಲ. ಪೆಟ್ಟಿಗೆಯಿಂದ ಹೊರಗೆ ನೇತಾಡುತ್ತಿದ್ದ ಕಾಲುಗಳನ್ನು ಸ್ವಲ್ಪ ಹೊತ್ತು ನೋಡಿದಳು.

"ಶಶೀ, ಒಳಗಿದೀಯೇನೋ?"

"ಹೂಂ ಅಮ್ಮ."

"ಕಾಫಿ ಕೊಡ್ಲಾ?"

ಎಲ್ಲಿಗೆ ಕೊಡುತ್ತಾಳೆ? ಕೈ ಸಿಕ್ಕಿಕೊಂಡಿದೆ ಎಂದು ಕೂಗಿದೆ. ಅವಳು ಚನ್ನಮಲ್ಲಪ್ಪನಿಗೆ ಫೋನು ಮಾಡಿ, ಮಗನ ಕೈ ಮೆಷಿನ್ನಿಗೆ ಸಿಕ್ಕಿದೆ ಎಂದಳು. ಕಾಫಿ ಬೆಳೆಯುವವರಿಗೆ ಮೆಷಿನ್ ಎಂದರೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್. ಪಾಪ, ಆತ ಹಾರೆ, ಹಗ್ಗ, ಗಾಯಕ್ಕೆ ಕಟ್ಟಲು ತೊಳೆದ ಬಿಳಿ ಪಂಚೆ ಎಲ್ಲ ತೆಗೆದುಕೊಂಡು ಜೀಪಿನಲ್ಲಿ ಹಾರಿ ಬಂದ. ಒಳಗೆ ಇಣುಕಿ ನೀಲಿ ಮುಖ ನೋಡಿ ಮೊದಲು ಹೆದರಿದ, ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಸಾವಕಾಶವಾಗಿ ನಕ್ಕ. ನಕ್ಕು ಮುಗಿದ ಮೇಲೆ ನನ್ನ ಎರಡೂ ಕಾಲು ಹಿಡಿದು ಎಳೆದ. ನಾನು ಬಂದೆ, ಜೊತೆಗೆ ಮೆಷಿನ್ನೂ ಬಂತು. ಕೋಣೆಯ ಆ ಗೋಡೆಯಿಂದ ಈ ಗೋಡೆಯವರೆಗೆ ಇಬ್ಬರೂ ಒಟ್ಟಿಗೇ ಪ್ರಯಾಣ ಮಾಡಿದೆವು. ಯಾವ ಕಂಪನಿಯ ಅಂಟು ಅಂತ ಅವನು ಮೆಚ್ಚುಗೆಯಿಂದ ಕೇಳುತ್ತಿರುವಾಗಲೇ ಬಾಗಿಲಲ್ಲಿ ಉಷಾರಾಣಿಯ ಚಪ್ಪಲಿ ಸದ್ದಾಯಿತು.

ಚನ್ನಮಲ್ಲಪ್ಪ ನನ್ನ ಕಾಲು ಬಿಟ್ಟ. ಅಮ್ಮ ಇದ್ದಕ್ಕಿದ್ದಂತೆ ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋದಳು. ಉಷಾ ಮೊಬೈಲಿನ ಟಾರ್ಚು ಹಾಕಿ ಪೆಟ್ಟಿಗೆಯೊಳಗೆ ಬಗ್ಗಿದಳು.

"ರೀ."

"ಹೂಂ."

"ಬಸ್ಸು ಯಾಕೆ ಚಕ್ರ ಮೇಲೆ ಮಾಡ್ಕೊಂಡಿದೆ?"

"ನನಗೆ ಇಲ್ಲಿಂದ ಮೇಲು ಕೆಳಗು ಸರಿಯಾಗಿ ಗೊತ್ತಾಗ್ತಿಲ್ಲ ಕಣೇ."

"ವಿರಾಜಪೇಟೆ ಎಡಗಡೆ ಬರ್ಬೇಕಿತ್ತು."

"ಎಡಗಡೆನೇ ಇದೆಯಲ್ಲ, ನನ್ನ ಎಡಗೈ ಹತ್ರಾನೇ."

"ಮಲಗಿರೋರ ಎಡಗೈ ನಿಂತು ಆಡೋರಿಗೆ ಯಾವ ಕಡೆ ಆಗುತ್ತೆ ರೀ?"

ಯೋಚಿಸಿದೆ. ಯೋಚಿಸಿದಷ್ಟೂ ಎರಡೂ ಕೈಗಳು ಎಡಗೈಯಂತೆಯೇ ತೋರತೊಡಗಿದವು. ಸದ್ಯಕ್ಕೆ ಬಲಗೈ ಯಾವುದು ಎಂದರೆ ಅಂಟಿಕೊಂಡಿರುವುದು ಎಂದಷ್ಟೇ ಹೇಳಬಲ್ಲವನಾಗಿದ್ದೆ.

ಅವಳು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಹಾಳೆಯ ಅಂಚಿಗೆ ಉಗುರು ಹಾಕಿ ಮೆಲ್ಲಗೆ ಎಬ್ಬಿಸಿ ನೋಡಿದಳು. ಗಡಿಯಾರದ ಗೋಪುರದ ಬಣ್ಣ ಎದ್ದು ಬರತೊಡಗಿತು. ತಕ್ಷಣ ಕೈಬಿಟ್ಟು ನೆಲದ ಮೇಲೆ ಕೂತುಬಿಟ್ಟಳು. "ಮಾವಂಗೆ ಇನ್ನೇನು ತೋರಿಸ್ಲಿ?" ಎಂದಳು, ಯಾರಿಗೆಂದು ಗೊತ್ತಾಗದ ಹಾಗೆ. ಕಣ್ಣು ತುಂಬಿತ್ತು. ಪೆಟ್ಟಿಗೆಯೊಳಗೆ ಮಲಗಿಕೊಂಡು ನನಗೆ ನಿಜವಾಗಿಯೂ ಅಳು ಬಂತು. ನೆಲ ಬಾಯಿಬಿಡಬಾರದೇ ಅನ್ನಿಸಿತು, ಆದರೆ ಅದಕ್ಕೂ ಮೊದಲು ಟಾರ್ಪಾಲು ಬಾಯಿಬಿಡಬೇಕಿತ್ತು.

ಕೊನೆಗೆ ಕತ್ತರಿ ತಂದು ಅಂಗಿಯ ತೋಳನ್ನು ಮೊಣಕೈಯ ಹತ್ತಿರ ಕತ್ತರಿಸಿ ನನ್ನನ್ನು ಬಿಡಿಸಿದಳು. ಅಂಗಿಯ ಒಂದು ತುಂಡು ಹಾಳೆಯ ಅಂಚಿನಿಂದ ಅಂಗೈಯಗಲ ಹೊರಚಾಚಿ, ಗೋಡೆಗೇ ಗಟ್ಟಿಯಾಗಿ ಅಂಟಿ ಉಳಿಯಿತು. ಅದನ್ನು ಕಿತ್ತರೆ ಆನೆಯ ಸೊಂಡಿಲೂ ಬರುತ್ತಿತ್ತು. ನಾಳೆ ಬೆಳಗ್ಗೆಯೇ ಮೈಸೂರಿಗೆ ಹೋಗಿ ಹೊಸ ಹಾಳೆ ತರುತ್ತೇನೆಂದೆ. "ನೀವು ಎಲ್ಲಿಗೂ ಹೋಗ್ಬೇಡಿ, ಏನೂ ತರ್ಬೇಡಿ" ಎಂದಳು. ಶನಿವಾರವಿಡೀ ಆ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಇದ್ದಳು. ಬಾಗಿಲ ಸಂದಿಯಿಂದ ಬಣ್ಣದ ವಾಸನೆ ಬರುತ್ತಿತ್ತು. ನಾನು ಅಂಗಳದಲ್ಲಿ ಕೂತು ಸೀಗೆಪುಡಿ, ಸೀಮೆಎಣ್ಣೆ, ಹುಣಸೆಹಣ್ಣು ಎಲ್ಲ ಹಾಕಿ ಮುಖ ತಿಕ್ಕಿದೆ. ಕೆನ್ನೆ ಮೊದಲಿನಂತಾಯಿತು, ಕಿವಿಗಳು ಮಾತ್ರ ನೀಲಿಯಾಗಿಯೇ ಉಳಿದವು.

ಭಾನುವಾರ ಮಾವ ಬಂದರು. ಮೆಷಿನ್ನಿನ ಮುಂದೆ ನಿಂತು ಗಾಜಿನೊಳಗೆ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. ಉಷಾ ಸೆರಗಿನ ತುದಿ ಸುತ್ತುತ್ತಾ ಅವರನ್ನೇ ನೋಡುತ್ತಿದ್ದಳು, ನಾನು ಬಾಗಿಲ ಮರೆಯಿಂದ ಅವಳನ್ನು ನೋಡುತ್ತಿದ್ದೆ. ಮಾವ ಕತ್ತನ್ನು ಬಲಕ್ಕೆ ಓರೆ ಮಾಡಿದರು. ಇನ್ನಷ್ಟು ಮಾಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು, ಆ ವಯಸ್ಸಿನಲ್ಲಿ, ಸೊಂಟ ಬಗ್ಗಿಸಿ, ತಲೆಯನ್ನು ಪೂರ್ತಿ ಕೆಳಗೆ ಮಾಡಿ ಗಾಜಿಗೆ ಹಣೆ ತಾಗಿಸಿದರು.

"ಅಯ್ಯೋ, ನಮ್ಮಂಗಡಿ ಕಣೇ ಇದು!" ಎಂದರು. "ಬಾಗಿಲಲ್ಲಿ ನಿಂತಿರೋನು ನಾನೇ ಅಲ್ವೇನೇ?"

ನೆಟ್ಟಗೆ ನಿಂತು ಕಣ್ಣೊರೆಸಿಕೊಂಡರು. ಮೊದಲ ಗುಂಡು ಹೊಡೆದರು, ಆದರೆ ಅದರ ಕಡೆ ನೋಡಲೇ ಇಲ್ಲ. ಕತ್ತು ಓರೆ ಮಾಡಿ ಅಂಗಡಿಯನ್ನೇ ನೋಡುತ್ತಾ ನಿಂತಿದ್ದರು. ಗುಂಡು ನೇರವಾಗಿ ಗುಂಡಿಗೆ ಬಿತ್ತು. ಉಷಾಳ ಮುಖ ಅರಳಿತು. ಶುಕ್ರವಾರದಿಂದ ಹಿಡಿದಿಟ್ಟಿದ್ದ ಉಸಿರನ್ನು ನಾನೂ ಬಿಟ್ಟೆ. ಎಲ್ಲ ನನ್ನ ಕೃಪೆಯೇ, ತಲೆಕೆಳಗಾಗಿರದಿದ್ದರೆ ಮಾವ ಇಷ್ಟು ಗಮನವಿಟ್ಟು ನೋಡುತ್ತಿದ್ದರೇ ಎಂದು ಹೇಳಲು ಬಾಗಿಲ ಮರೆಯಿಂದ ಹೊರಗೆ ಬಂದೆ.

ಅಷ್ಟರಲ್ಲಿ ಮಾವನ ಕಣ್ಣು ಇನ್ನೊಂದು ಗೋಡೆಯ ಮೇಲೆ ಬಿತ್ತು. ನಾನೂ ಆಗಲೇ ಅದನ್ನು ಮೊದಲ ಸಲ ನೋಡಿದ್ದು. ನನ್ನ ಅಂಗಿಯ ತುಂಡಿಗೆ ಉಷಾ ಮೇಲೆ ತಲೆ ಬರೆದಿದ್ದಳು, ಕೆಳಗೆ ಕಾಲು ಬರೆದಿದ್ದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಚೆಕ್ಸ್ ಅಂಗಿ ತೊಟ್ಟ ನೀಲಿ ಮುಖದ ಒಬ್ಬ ಗಂಡಸು ಆನೆಗಳ ಮಧ್ಯೆ ಗತ್ತಿನಲ್ಲಿ ನಿಂತಿದ್ದ.

"ಇದೇನೇ ಉಷಾ," ಎಂದರು ಮಾವ, "ಆನೆ ತಲೆಕೆಳಗು, ಗಿಡ ತಲೆಕೆಳಗು, ಬೇಲಿನೂ ತಲೆಕೆಳಗು. ಇವನೊಬ್ಬ ಮಾತ್ರ ನೆಟ್ಟಗೆ ನಿಂತಿದಾನಲ್ಲ, ಯಾರಿವನು?"

ಉಷಾರಾಣಿ ತಿರುಗಿ ನನ್ನ ಕಿವಿಗಳನ್ನು ನೋಡಿದಳು.

"ಇದನ್ನೆಲ್ಲ ಅಂಟಿಸಿದೋನು, ಮಾವ. ಲೋಕವೇ ತಲೆಕೆಳಗಾಗಿದೆ, ತಾನೊಬ್ಬನೇ ಸರಿ ಇದೀನಿ ಅಂತ ಈಗ್ಲೂ ವಾದ ಮಾಡ್ತಾನೆ."