ಬಾಟಲಿಯಲ್ಲಿ ಕ್ಯಾನ್ಸರ್ ಸಾಕಿದ್ದು

ನಗಬಾರದ ಜಾಗದಲ್ಲೇ ನನಗೆ ನಗು ಬರುವ ಪ್ರಸಂಗಗಳು ಎದುರಾಗುತ್ತವೆ. ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಮನುಷ್ಯರ ಕ್ಯಾನ್ಸರ್ ಜೀವಕೋಶಗಳನ್ನು ಬೆಳೆಸಿ, ಅವುಗಳ ಮೇಲೆ ಔಷಧ ಹಾಕಿ ನೋಡುವುದು ನನ್ನ ಕೆಲಸ.

೧

ಹಳಿಯಾಳದ ನಮ್ಮ ಮನೆಯಲ್ಲಿ ಇದನ್ನು ವಿವರಿಸುವುದೇ ಕಷ್ಟ. ಎರಡು ದಿನಕ್ಕೊಮ್ಮೆ ಅವಕ್ಕೆ ಆಹಾರ ಬದಲಿಸಬೇಕು, ಮೈಬಿಸಿಯಷ್ಟೇ ಬಿಸಿಯಲ್ಲಿ ಇಡಬೇಕು, ಹಬ್ಬಕ್ಕೂ ರಜೆ ಇಲ್ಲ ಅಂತ ಅವ್ವನಿಗೆ ಹೇಳಿದ್ದೆ. ಮುಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ಏನು ಮಾಡ್ತಾಳ ಅಂತ ಕೇಳಿದಾಗ ಅವ್ವನೇ ಉತ್ತರ ಕೊಟ್ಟಳು: “ಕ್ಯಾನ್ಸರ್ ಸಾಕ್ಯಾಳ್ರಿ.”

ಅವರು ಚಹಾ ಕುಡಿಯದೇ ಎದ್ದರು.

೨

ನಾವು ಬಳಸುವ ಕೆಂಪು ಔಷಧ ಮಣ್ಣಿನ ಸೂಕ್ಷ್ಮಜೀವಿಯಿಂದ ಬರುವ ಆಂಟಿಬಯೋಟಿಕ್; ಕ್ಯಾನ್ಸರ್ ಕೋಶಗಳನ್ನೂ ಕೊಲ್ಲುತ್ತದೆ. ಅಂಥದೇ ಹೊಸದು ಸಿಕ್ಕೀತೆಂದು ಜೋಯಿಡಾ ಕಡೆ ಮಣ್ಣು ತರಲು ಹೋದೆ. ಸೂಪಾ ಹಿನ್ನೀರಿನ ಹತ್ತಿರ ಗದ್ದೆಯಲ್ಲಿದ್ದ ಸಿದ್ದಿ ಹೆಂಗಸೊಬ್ಬಳು, ಮಣ್ಣು ಯಾಕೆ ಅಂತ ಕೇಳಿದಳು. ಕ್ಯಾನ್ಸರ್ ಔಷಧಕ್ಕೆ ಅಂದೆ. ಆಕೆಯ ಗಂಡ ಗಂಟಲಿನ ಕ್ಯಾನ್ಸರಿನಿಂದ ಹೋಗಿ ಇನ್ನೂ ವರ್ಷವಾಗಿರಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಹುಬ್ಬಳ್ಳಿಯ ಆಸ್ಪತ್ರೆಗೆ ಓಡಾಡಿದ್ದರಂತೆ. ತಾನೇ ಗುದ್ದಲಿ ತಗೊಂಡು ನನ್ನ ಚೀಲ ತುಂಬಿಸಿಕೊಟ್ಟು ಅಂದಳು: “ಔಷಧ ಇಲ್ಲೇ ಕಾಲಾಗ ಬಿದ್ದಿತ್ತು. ನಾವು ಬಸ್ಸ್ ಹತ್ತಿ ಹೋಗ್ತಿದ್ವಿ ನೋಡ್ರಿ.”

೩

ಮುಂಡಗೋಡದ ನಮ್ಮ ದೊಡ್ಡವ್ವನಿಗೆ ಎದೆಯ ಕ್ಯಾನ್ಸರ್ ಆಯಿತು. ಆಸ್ಪತ್ರೆಯಲ್ಲಿ ಸಲೈನ್ ಜೊತೆ ಕೊಟ್ಟದ್ದು ನಾನು ಬಾಟಲಿಗೆ ಹನಿಸುವ ಅದೇ ಕೆಂಪು ಔಷಧ. ಧೈರ್ಯ ಬರಲಿ ಅಂತ ಹೇಳಿದೆ: ಅದು ಜೀವಕೋಶದೊಳಗಿನ ಎಳೆಗಳ ನಡುವೆ ನುಸುಳಿ, ಒಂದು ಕೋಶ ಎರಡಾಗದಂತೆ ತಡೆಯುತ್ತದೆ, ಬಾಟಲಿಯ ತಳಕ್ಕೆ ಅಂಟಿದ್ದವು ಎರಡೇ ದಿನದಲ್ಲಿ ಕಳಚಿಕೊಂಡು, ಸತ್ತು ತೇಲುತ್ತವೆ. ಅಷ್ಟರಲ್ಲಿ ಆಕೆಯ ತಲೆಗೂದಲು ಪೂರ್ತಿ ಉದುರಿತ್ತು. ಸೆರಗು ಮುಂದಕ್ಕೆಳೆದುಕೊಂಡು, “ನಿನ್ನ ಬಾಟ್ಲಿ ಪುಣ್ಯವಂತ ಬಾಟ್ಲಿ. ಅದಕ್ಕ ಕೂದಲಾ ಇಲ್ಲ” ಅಂದಳು.

೪

ಬರಬರುತ್ತ ಆಕೆಗೆ ಔಷಧ ನಾಟಲಿಲ್ಲ. ನಮ್ಮ ಪ್ರಯೋಗಾಲಯದಲ್ಲೂ ಅಂಥದೊಂದು ಕ್ಯಾನ್ಸರ್ ಕೋಶಗಳ ತಳಿ ಇತ್ತು. ಸ್ವಲ್ಪ ಸ್ವಲ್ಪವೇ ಔಷಧ ಉಣಿಸಿ ಬೆಳೆಸಿದ್ದು. ಆಮೇಲೆ ಎಷ್ಟು ಹಾಕಿದರೂ ಸಾಯುತ್ತಿರಲಿಲ್ಲ. ಅದನ್ನು ಕೊಲ್ಲುವ ದಾರಿ ಹುಡುಕುತ್ತ ತಿಂಗಳುಗಟ್ಟಲೆ ಅದರ ಹಿಂದೆ ಬಿದ್ದಿದ್ದೆವು. ಒಂದು ಭಾನುವಾರ ಕರೆಂಟ್ ಹೋಗಿ ಬಂದು ಮಾಡಿ, ಬಾಟಲಿಗಳನ್ನಿಡುವ ಬಿಸಿಪೆಟ್ಟಿಗೆ ಕೆಟ್ಟು ವಿಪರೀತ ಕಾಯ್ದಿತ್ತು. ಸೋಮವಾರ ನೋಡಿದರೆ ಒಂದೂ ಉಳಿದಿಲ್ಲ. ಪ್ರಯೋಗಾಲಯ ನಡೆಸುವ ನಮ್ಮ ಮೇಡಂ, ತಿಂಗಳುಗಳ ಕೆಲಸ ಹೋಯಿತೆಂದು ಕುರ್ಚಿಯಲ್ಲಿ ಕೂತುಬಿಟ್ಟರು.

ಮಧ್ಯಾಹ್ನವೇ ಬಸ್ಸು ಹಿಡಿದು ಮುಂಡಗೋಡಕ್ಕೆ ಹೋದೆ. ದೊಡ್ಡವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮೂರು ದಿನದಿಂದ ಯಾರ ಜೊತೆಯೂ ಮಾತಿಲ್ಲವಂತೆ. ಏನಾದರೂ ಹೇಳಬೇಕಲ್ಲ ಅಂತ ಅದನ್ನೇ ಹೇಳಿದೆ: ಯಾವ ಔಷಧಕ್ಕೂ ಬಗ್ಗದ ಕ್ಯಾನ್ಸರ್, ಕರೆಂಟ್ ಹೋಗಿ ಬಂದದ್ದಕ್ಕೆ ಸತ್ತುಹೋಯಿತು.

ಆಕೆ ಮೆಲ್ಲಗೆ ನನ್ನ ಕಡೆ ಹೊರಳಿದಳು. ಆ ವಾರದೊಳಗೇ ಆಕೆ ಹೋಗಿಬಿಟ್ಟಳು, ಹಾಗಾಗಿ ನಾನು ಕೇಳಿದ ಆಕೆಯ ಕೊನೆಯ ಮಾತು ಇದು:

“ಹಂಗಾರ ಡಾಕ್ಟರ್ ಬ್ಯಾಡವ್ವಾ. ಲೈನ್‌ಮನ್‌ಗ ಫೋನ್ ಹಚ್ಚು.”